ಯತೀಶಜ್ಜ ಹಾಕಿದ ಬೀಗ

ಓಲೆಮನೆ, ಶಿರಾ
ಎರಡು ಸಾವಿರದ ನೂರ ಎಪ್ಪತ್ತಾರನೇ ಇಸವಿ, ಫೆಬ್ರವರಿ ಮೂವತ್ತು

ಪೂಜ್ಯ ಯತೀಶಜ್ಜನವರಿಗೆ, ನಿಮ್ಮ ಮೊಮ್ಮಗನ ಮರಿಮಗಳು ನೇಸರಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಅಂದುಕೊಂಡು ಕಾಗದ ಮುದುರಿ ಎಸೆಯಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ಇರಲಿಲ್ಲ, ನಮಗಿದೆ. ತಿಂಗಳುಗಳನ್ನೆಲ್ಲ ಸಮ ಮಾಡಿದ್ದಾರೆ. ನನ್ನ ಬರವಣಿಗೆಯಲ್ಲಿ ನೀವು ಕೇಳಿರದ ಪದಗಳು ಬರುತ್ತವೆ, ಅದಕ್ಕೆ ಕ್ಷಮೆ ಇರಲಿ. ಈ ಕಾಗದ ಕೈಗೆ ಸಿಗುವಾಗ ನಿಮಗೆ ಇಪ್ಪತ್ತು ವರ್ಷ, ನನಗೆ ಇಪ್ಪತ್ತೆರಡು. ನನಗಿಂತ ಚಿಕ್ಕವರನ್ನು ಅಜ್ಜ ಅಂತ ಕರೆಯುವುದು ನನಗೂ ಕಸಿವಿಸಿಯೇ. ಆದರೆ ನಮ್ಮ ನಡುಮನೆಯಲ್ಲಿ ನೀವು ಬಿಳಿ ಮೀಸೆ ಬಿಟ್ಟುಕೊಂಡು, ಹಾರ ಹಾಕಿಸಿಕೊಂಡು ಗೋಡೆ ಮೇಲಿದ್ದೀರಿ. ಆ ಫೋಟೋದ ಎದುರು ಕಾಲು ಚಾಚಿ ಕೂತರೂ ಅಮ್ಮ ಗದರುತ್ತಾಳೆ. ಹಾಗಾಗಿ ನಿಮ್ಮನ್ನು ಬೈಯುವುದಿದ್ದರೂ ಬಹುವಚನದಲ್ಲೇ ಬೈಯಬೇಕಾಗಿದೆ.

ಇಂಥ ಕಾಗದಕ್ಕೆ ನಾವು ಹಿಂದೋಲೆ ಅನ್ನುತ್ತೇವೆ, ಹಿಂದಿನ ಕಾಲಕ್ಕೆ ಹೋಗುವ ಓಲೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ಓಲೆಮನೆಯವರು ಎರಡು ಹಾಳೆ ಕೊಡುತ್ತಾರೆ. ಹೊಡೆದುಹಾಕುವ ಹಾಗಿಲ್ಲ, ಹರಿಯುವ ಹಾಗಿಲ್ಲ, ಬರೆದದ್ದು ಬರೆದ ಹಾಗೇ ಹೋಗಬೇಕು. ಜನ ಇದನ್ನು ಎಷ್ಟೋ ವರ್ಷ ಕಾದಿಟ್ಟು, ತೀರಿಕೊಂಡ ತಾಯಿಗೆ ಬರೆಯುತ್ತಾರೆ, ಜಗಳವಾಡಿ ಮನೆಬಿಟ್ಟ ತಮ್ಮನಿಗೆ ಬರೆಯುತ್ತಾರೆ. ನಮ್ಮಮ್ಮ ಇನ್ನೂ ಬರೆದಿಲ್ಲ. ನಾನು ಲ್ಯಾಪ್‌ಟಾಪಿನ ಬ್ಯಾಟರಿ ವಿಷಯಕ್ಕೆ ಬರೆಯುತ್ತೇನೆ ಅಂದಾಗ, ನಿನಗೇನು ತಲೆ ಕೆಟ್ಟಿದೆಯೇನೇ ಅಂತ ಒಂದೇ ಮಾತು ಕೇಳಿ ಒಳಗೆ ಹೋದಳು. ಕೆಟ್ಟಿದೆ ಅಜ್ಜ. ಕೆಡಿಸಿದವರು ನೀವು.

ನಮ್ಮಲ್ಲಿ ಹೊಸ ಕಂಪ್ಯೂಟರ್ ಮಾಡುವುದು ಎಂದೋ ನಿಂತಿತು. ಇರುವುದನ್ನೇ ರಿಪೇರಿ ಮಾಡಿಕೊಂಡು ತಲೆಮಾರಿನಿಂದ ತಲೆಮಾರಿಗೆ ಸಾಗಿಸುತ್ತೇವೆ, ಅದಕ್ಕೆ ಮನೆಯಂತ್ರ ಅಂತ ಹೆಸರು. ಕಾಲೇಜಿಗೆ ಸೇರಿದವರು ಅವರವರ ಮನೆಯಂತ್ರವನ್ನೇ ತರಬೇಕು. ಕರೆಂಟಿನ ಕಥೆಯೂ ಬೇರೆ. ಬೆಳಗ್ಗೆ ಎದ್ದು ಬೀದಿ ಕೊನೆಯ ಕಟ್ಟೆಯ ಹತ್ತಿರ ಸಾಲಲ್ಲಿ ನಿಂತು ನಮ್ಮ ಪಡಿ ತರುತ್ತೇವೆ. ಪಡಿ ಅಂದರೆ ಒಬ್ಬರಿಗೆ ಒಂದು ದಿನದ ಕರೆಂಟು, ಊಟದ ಕ್ಯಾರಿಯರ್‌ನಂಥ ಡಬ್ಬಿಯಲ್ಲಿ. ಮಂತ್ರಿಗೂ ಅಷ್ಟೇ, ಮಾಲಿಗೂ ಅಷ್ಟೇ. ನನ್ನ ಪಡಿ ನಿನಗೆ ಇರಲಿ ಅಂತ ಕೊಡುವ ಹಾಗೂ ಇಲ್ಲ, ಡಬ್ಬಿ ಅವರವರ ಹೆಬ್ಬೆಟ್ಟಿಗೇ ತೆರೆಯುವುದು. ಗೋಡೆಯಲ್ಲಿ ಪ್ಲಗ್ ಪಾಯಿಂಟ್ ಅನ್ನುವ ಪದ್ಧತಿಯೇ ಈಗಿಲ್ಲ. ಹಳೇ ಕಟ್ಟಡಗಳಲ್ಲಿ ಮೂರು ತೂತಿನ ಬಿಳಿ ಹಲಗೆ ಕಂಡರೆ ಮಕ್ಕಳು ಅದಕ್ಕೆ ಕಣ್ಣು ಮೂಗು ಬರೆದು ಆಡುತ್ತಾರೆ.

ನನ್ನ ಪಕ್ಕ ಕೂರುವ ಒಲುಮೆಯ ಮನೆಯಂತ್ರ ಅವರ ವಂಶದ ಯಾರೋ ಅಜ್ಜಿ ಬ್ಯಾಂಕಿನಲ್ಲಿದ್ದಾಗ ಕೊಂಡದ್ದು. ಹೋಳಿಗೆಯ ಹಾಗೆ ತೆಳ್ಳಗಿದೆ. ಅವಳು ಅರ್ಧ ಪಡಿಯಲ್ಲಿ ಇಡೀ ದಿನದ ಕ್ಲಾಸು ಮುಗಿಸಿ, ಉಳಿದರ್ಧದಲ್ಲಿ ಸಂಜೆ ಮನೆಗೆ ಹೋಗಿ ದೋಸೆಗೆ ರುಬ್ಬುತ್ತಾಳೆ. ನಮ್ಮದು? ಹೊತ್ತರೆ ಭುಜ ಬಿದ್ದುಹೋಗುತ್ತದೆ. ಆನ್ ಮಾಡಿದ ಕೂಡಲೇ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಶುರುವಾಗುತ್ತದೆ. ಮೇಷ್ಟ್ರು ಹಾಜರಿ ಕೂಗುವುದನ್ನು ನಿಲ್ಲಿಸಿ, ಏನಮ್ಮಾ ನಿನ್ನ ಎಮ್ಮೆ ಕರು ಹಾಕ್ತಾ ಇದೆಯಾ ಅಂತ ಕೇಳುತ್ತಾರೆ. ಕೀಗಳ ಕೆಳಗೆ ಕೆಂಪು, ಹಸಿರು, ನೀಲಿ ದೀಪಗಳ ಮೆರವಣಿಗೆ. ಯಾತಕ್ಕೆ ಅಜ್ಜ ಆ ದೀಪ? ಅಕ್ಷರ ಹುಡುಕಲಿಕ್ಕೆ ಬಣ್ಣ ಬೇಕಿತ್ತಾ ನಿಮಗೆ? ನಾನು ದೀಪ ಆರಿಸಿದೆ, ಪರದೆ ಮಂಕು ಮಾಡಿದೆ, ಬೇಡದ್ದನ್ನೆಲ್ಲ ಅಳಿಸಿದೆ. ಏನು ಮಾಡಿದರೂ ಎರಡನೇ ಪೀರಿಯಡ್ ಮುಗಿಯುವುದರೊಳಗೆ ಇಡೀ ಪಡಿ ಕುಡಿದು ಕಣ್ಣು ಮುಚ್ಚುತ್ತದೆ. ಆಮೇಲೆ ಸಂಜೆಯವರೆಗೂ ನಾನು ಒಲುಮೆಯ ಪರದೆಗೆ ಕತ್ತು ಚಾಚಿ ಕೂರಬೇಕು. ಪಾಪ, ಅವಳು ಬೇಜಾರು ಮಾಡಿಕೊಳ್ಳುವುದಿಲ್ಲ. ಟೈಪ್ ಮಾಡುವಾಗ ನನ್ನ ತುಟಿ ಪಿಟಿಪಿಟಿ ಅನ್ನುವುದನ್ನು ಅಣಕಿಸಿ ನಗುತ್ತಾಳೆ, ಅಷ್ಟೇ. ಆ ಚಾಳಿಯೂ ನಿಮ್ಮಿಂದಲೇ ಬಂದದ್ದು ಅಂತ ಅಮ್ಮ ಹೇಳುತ್ತಾಳೆ.

ರೋಗ ಏನು ಅಂತ ನಮಗೆ ಗೊತ್ತಿಲ್ಲದೇ ಇಲ್ಲ. ಅದರೊಳಗೆ ಚಿತ್ರ ಬಿಡಿಸುವ ಮಿದುಳು ಎರಡಿವೆ. ಓದು ಬರಹಕ್ಕೆ ಚಿಕ್ಕದು, ಆಟಕ್ಕೆ ದೊಡ್ಡದು. ಚಿಕ್ಕದೊಂದೇ ನಡೆದರೆ ನನ್ನ ಪಡಿ ಸಂಜೆಯವರೆಗೆ ಧಾರಾಳವಾಗಿ ಬರುತ್ತದೆ. ಆದರೆ ದೊಡ್ಡದೇ ಸದಾ ನಡೆಯಬೇಕು ಅಂತ ಒಳಗಡೆ ಹೇಳಿಟ್ಟು, ಆ ಮಾತನ್ನು ಯಾರೂ ಬದಲಾಯಿಸದ ಹಾಗೆ ಪಾಸ್‌ವರ್ಡ್ ಹಾಕಿ ಬೀಗ ಜಡಿದಿದ್ದೀರಿ. ಐದು ತಲೆಮಾರಾಯಿತು, ಬೀಗ ಹಾಗೇ ಇದೆ.

ನಾಳೆ ನನ್ನ ಒಪ್ಪಿಸುವ ಪಾಠ. ಕೊನೆಯ ವರ್ಷದವರು ಊರವರ ಎದುರು ನಿಂತು, ಕಲಿತದ್ದನ್ನೆಲ್ಲ ಮನೆಯಂತ್ರದಲ್ಲಿ ತೋರಿಸಬೇಕು. ಬೆಳಗಿನ ಗಂಟೆಯಿಂದ ಊಟದ ಗಂಟೆಯವರೆಗೆ ನಡೆಯುತ್ತದೆ. ಪರದೆ ನಡುವೆ ಆರಿದರೆ ಪಾಠ ಅಲ್ಲಿಗೇ ಮುಗಿಯಿತು. ನಾನು ನೀರುಗಂಟಿಯಾಗಬೇಕು ಅಜ್ಜ. ಕೆರೆಯ ತೂಬು ಎತ್ತಿ ಯಾವ ಊರಿಗೆ ಎಷ್ಟು ನೀರು ಅಂತ ಹಂಚುವವರು ನೀರುಗಂಟಿಗಳು. ನಿಮ್ಮ ಕಾಲದಲ್ಲಿ ಆ ಕೆಲಸ ಮೂಲೆ ಸೇರಿತ್ತಂತೆ, ನಮ್ಮಲ್ಲಿ ಅದಕ್ಕಿಂತ ದೊಡ್ಡ ಹುದ್ದೆ ಇಲ್ಲ. ಚಿಕ್ಕವಳಿದ್ದಾಗಿನಿಂದ ನನಗೆ ಅದೊಂದೇ ಹಂಬಲ. ಹೋದ ವರ್ಷ ಪಾಠ ಒಪ್ಪಿಸುವಾಗ, ನಕ್ಷೆಯಲ್ಲಿ ಕಳ್ಳಂಬೆಳ್ಳದ ಕೆರೆಯ ಕೋಡಿ ದಾಟಿ ನೀರು ಮುಂದಿನ ಕೆರೆಗೆ ಇಳಿಯಬೇಕು, ಅಷ್ಟರಲ್ಲಿ ಪರದೆ ಆರಿತು. ಈ ವರ್ಷ ಸುಗ್ಗಿಯಲ್ಲಿ ಎರಡನೇ ಸಲ ನಿಂತೆ, ಅದೇ ಹಣೆಬರಹ. ಕರೆಂಟನ್ನೇ ಸರಿಯಾಗಿ ಹಂಚಿಕೊಳ್ಳೋಕೆ ಬರದವಳು ನೀರು ಏನು ಹಂಚ್ತಾಳೆ ಅಂತ ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಸಭೆಯೆಲ್ಲ ನಕ್ಕಿತು. ಅಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು, ಸೆರಗು ಸರಿಮಾಡಿಕೊಂಡು ನೆಲ ನೋಡಿದಳು. ಮೂರನೇ ಸಲ ಆರಿದರೆ ಮತ್ತೆ ನಿಲ್ಲಲು ಬಿಡುವುದಿಲ್ಲ. ನಾಳೆಯದೇ ಮೂರನೆಯದು.

ಬೀಗದ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಪ್ರತಿ ಆಯುಧಪೂಜೆಗೂ ಮನೆಯಂತ್ರವನ್ನು ಮಣೆ ಮೇಲಿಟ್ಟು ಯಾರಾದರೂ ಹಿರಿಯರು ಹೇಳುತ್ತಾರೆ. ನೀವೂ ನಿಮ್ಮ ತಂಗಿ ಸಿಂಚನಜ್ಜಿಯೂ ಕಾಲೇಜಿನಲ್ಲಿದ್ದಿರಿ. ಇಬ್ಬರ ಓದಿಗೂ ಆಗುವಂಥದ್ದು ಒಂದು ತಗೊಂಡು ಬಾ ಅಂತ ನಿಮ್ಮಪ್ಪ ಕಳಿಸಿದರೆ, ಈಗಿನ ಓದಿಗೆಲ್ಲ ಇಂಥದ್ದೇ ಬೇಕು ಅಂತ ಅವರ ಕಣ್ಣಿಗೆ ಮಣ್ಣೆರಚಿ ಆಟದ ಲ್ಯಾಪ್‌ಟಾಪ್ ತಂದಿರಿ. ಮನೆಗೆ ಬಂದ ಡಬ್ಬಿಯನ್ನು ನಿಮಗಿಂತ ಮೊದಲು ಸಿಂಚನಜ್ಜಿಯೇ ಒಡೆದರಂತೆ. ನಿಮ್ಮ ಹೆಸರಿಗೆ ಏನು ಬಂದರೂ ಮೊದಲು ಒಡೆದು ನೋಡುವವರು ಅವರೇ ಅಂತೆ. ಬೆಳಗ್ಗೆ ಅವರು ಅದನ್ನು ಕ್ಲಾಸಿಗೆ ಒಯ್ಯುವಾಗ ಚಿಕ್ಕ ಮಿದುಳಿಗೆ ತಿರುಗಿಸುತ್ತಿದ್ದರು; ಸಂಜೆ ನೀವು ಅದನ್ನು ಮರೆತು ಆಟಕ್ಕೆ ಕೂರುತ್ತಿದ್ದಿರಿ. ಹಾಗೆ ಒಂದು ದಿನ, ಅದೂ ಆಯುಧಪೂಜೆಯ ಹಿಂದಿನ ದಿನ, ಗೆಳೆಯರೆದುರು ಆಟ ತಡವರಿಸಿ ಸೋತಿರಿ. ಸಿಟ್ಟಿನಲ್ಲಿ ತಂಗಿಗೆ ಬಾಯಿಗೆ ಬಂದ ಹಾಗೆ ಬೈದು ಬೀಗ ಹಾಕಿದಿರಿ. ಅವರು ಅತ್ತರಂತೆ. ಆದರೂ ಆ ವರ್ಷ ಇಡೀ ಕಾಲೇಜಿಗೆ ಮೊದಲು ಬಂದರು. ಬ್ಯಾಟರಿ ಇಲ್ಲದೆ ಹೇಗೆ ಓದಿದರೋ, ಎಲ್ಲ ಅವರ ಪುಣ್ಯ ಅಂತ ಅಮ್ಮ ಯಂತ್ರ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ಪೂಜೆಯ ಕ್ರಮವನ್ನು ಹಾಕಿಕೊಟ್ಟವರೂ ಅವರೇ. ಬೇರೆ ಮನೆಗಳಲ್ಲಿ ಯಂತ್ರದ ಮೇಲ್ಗಡೆ ಕುಂಕುಮ ಇಡುತ್ತಾರೆ. ನಮ್ಮಲ್ಲಿ ಕವುಚಿ ಹಾಕಿ ಹೊಟ್ಟೆಗೆ ಬಳಿಯಬೇಕು, ಯಾವ ಕಾರಣಕ್ಕೂ ಒರೆಸಬಾರದು.

ಪಾಸ್‌ವರ್ಡ್‌ಗೆ ನಾವು ಹುಡುಕದ ಹೆಸರಿಲ್ಲ. ಮನೆದೇವರ ಹೆಸರು, ನಿಮ್ಮ ತಾಯಿಯ ಹೆಸರು, ನಿಮ್ಮ ಜನ್ಮನಕ್ಷತ್ರ, ಆಮೇಲೆ ನೀವು ಮದುವೆಯಾದ ಅಜ್ಜಿಯ ಹೆಸರು. ನನ್ನ ತಾತ ನಿಮ್ಮ ಫೋಟೋಗೆ ಕೈಮುಗಿದು ಪ್ರಸಾದ ಕೇಳಿ, ಬಲಗಡೆಯ ಹೂವು ಬಿತ್ತು ಅಂತ ದೇವಿಯ ಹೆಸರನ್ನೆಲ್ಲ ಒತ್ತಿ ನೋಡಿದರು. ಮೂರು ಸಲ ತಪ್ಪಿದರೆ ಯಂತ್ರ ಆರುತ್ತದೆ, ಮತ್ತೆ ಹೊತ್ತಿಸಬೇಕು, ಅದಕ್ಕೂ ಪಡಿ ಖರ್ಚು. ಇಂಥ ದೊಡ್ಡ ಮನುಷ್ಯರು ಇನ್ನೆಂಥ ಪವಿತ್ರವಾದ ಮಾತು ಇಟ್ಟಿದ್ದಾರೋ ಅಂತ ತಲೆ ಕೆರೆದುಕೊಂಡು ಸಾಕಾಗಿದೆ.

ಅದಕ್ಕೇ ಈ ಓಲೆಯನ್ನು ಸರಿಯಾಗಿ ಬೀಗ ಹಾಕಿದ ಮಾರನೇ ದಿನಕ್ಕೆ ಕಳಿಸುತ್ತಿದ್ದೇನೆ. ಒಂದು ದಿನದಲ್ಲಿ ಯಾರೂ ಮರೆಯುವುದಿಲ್ಲ. ನೀವು ಆಟ ಆಡಿಕೊಳ್ಳಿ, ಲ್ಯಾಪ್‌ಟಾಪೂ ಬದಲಾಯಿಸಬೇಡಿ, ನನಗೇನೂ ಅಡ್ಡಿಯಿಲ್ಲ. ಆ ಪಾಸ್‌ವರ್ಡ್ ಒಂದನ್ನು ಯಂತ್ರದ ಮೈಮೇಲೆ ಮೊಳೆಯಲ್ಲೋ ಕೈವಾರದ ಮುಳ್ಳಿನಲ್ಲೋ ಕೆತ್ತಿಬಿಡಿ. ಮುಚ್ಚಳ ಬದಲಾಗಿದೆ, ಕೀಗಳು ಬದಲಾಗಿವೆ, ಬ್ಯಾಟರಿ ಎಷ್ಟು ಸಲ ಬದಲಾಯಿತೋ ಲೆಕ್ಕವಿಲ್ಲ. ನಿಮ್ಮ ಕಾಲದ್ದು ಅಂತ ಹೊರಗಡೆ ಉಳಿದಿರುವುದು ತಳದ ತಗಡೊಂದೇ. ಆದ್ದರಿಂದ ದಯಮಾಡಿ ಹೊಟ್ಟೆಯ ಮೇಲೆ ಕೆತ್ತಿ.

ಎರಡನೇ ಹಾಳೆ

ಮೇಲಿನ ಸಾಲು ಬರೆದು ನಾನು ಪೆನ್ನು ಕೆಳಗಿಟ್ಟೆ. ಓಲೆ ಇನ್ನೂ ಹೋಗಿಲ್ಲ, ನಿಜ. ಆದರೆ ನೀವು ಕೆತ್ತುವವರೇ ಆಗಿದ್ದರೆ ಕೆತ್ತಿ ನೂರೈವತ್ತು ವರ್ಷವಾಯಿತಲ್ಲ! ಯಂತ್ರ ನನ್ನ ಕಾಲ ಬುಡದಲ್ಲೇ ಚೀಲದಲ್ಲಿತ್ತು. ತೆಗೆದು ಕವುಚಿದೆ. ಕುಂಕುಮ ಎಣ್ಣೆ ಸೇರಿ ಹೆಂಚಿನ ಹಾಗೆ ಗಟ್ಟಿಯಾಗಿತ್ತು. ಅಮ್ಮ ಇದ್ದಿದ್ದರೆ ಕೈ ಮುರಿಯುತ್ತಿದ್ದಳು. ಓಲೆಮನೆಯವರ ಹತ್ತಿರ ಕಾಗದ ಕತ್ತರಿಸುವ ಚಾಕು ಇಸಕೊಂಡು ಕೆರೆದೆ.

ಇದೆ. ಎರಡು ಕೈಬರಹ ಇದೆ.

ಮೇಲಿನದು ದಪ್ಪ ಅಕ್ಷರ, ಅಡ್ಡಾದಿಡ್ಡಿ: ‘ಮರೆತೋಯ್ತು ಕಣಮ್ಮ. ಸಾರಿ. ಗೋಡೆ ಪಕ್ಕ ಕೂತ್ಕೋ.’

ಅಯ್ಯೋ ನಿಮ್ಮ! ಒಂದೇ ದಿನಕ್ಕೆ ಮರೆತಿರಾ? ನನ್ನ ಜೀವಮಾನದ ಓಲೆ, ಅಮ್ಮನ ಕೈಲಿ ಬೈಸಿಕೊಂಡು ಬರೆದದ್ದು, ಅದಕ್ಕೆ ಗೋಡೆ ಪಕ್ಕ ಕೂತ್ಕೋ ಅಂತ ಉತ್ತರವಾ? ಗೋಡೆಯಲ್ಲಿ ಪ್ಲಗ್ ಇಲ್ಲ ಅಂತ ಅಷ್ಟುದ್ದ ಬರೆದಿದ್ದೇನಲ್ಲ, ಓದಿದಿರಾ, ಇಲ್ಲ ಆಟ ಆಡುತ್ತಾ ಕಣ್ಣಾಡಿಸಿದಿರಾ? ಜೋರಾಗಿ ಅತ್ತೆ. ಓಲೆಮನೆಯವರು ನೀರು ತಂದುಕೊಟ್ಟರು.

ನೀರು ಕುಡಿದು ಉಳಿದದ್ದನ್ನೂ ಕೆರೆದೆ. ಕೆಳಗಡೆ ಮೂಲೆಯಲ್ಲಿ ಸಣ್ಣ, ಮುದ್ದಾದ ಅಕ್ಷರ. ಮೊದಲು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗವಿಲ್ಲದೆ: ಗೂಬೆಮುಂಡೇದು. ಅದರ ಕೆಳಗೆ ಕನ್ನಡದಲ್ಲಿ: ‘ಅಣ್ಣ ಟೈಪ್ ಮಾಡುವಾಗ ಬಾಯಲ್ಲೂ ಹೇಳ್ತಾನೆ. ಬೆಳಗ್ಗೆ ತೆಗೀತೀನಿ, ಸಂಜೆ ಮತ್ತೆ ಹಾಕಿಡ್ತೀನಿ. ಅವನಿಗೆ ಹೇಳಬೇಡ.’

ಸಿಂಚನಜ್ಜೀ! ಇನ್ನು ಈ ಹಾಳೆ ನಿಮಗೆ. ಓಲೆಯ ಮೇಲೆ ಅಣ್ಣನ ಹೆಸರಿದ್ದರೂ ಮೊದಲು ಒಡೆಯುವವರು ನೀವೇ ಅಂತ ಗೊತ್ತು. ನನಗೆ ಹರಿಯುವ ಹಾಗಿಲ್ಲ, ನಿಮಗೆ ಅಂಥ ನಿಯಮವಿಲ್ಲ. ಎರಡನೇ ಹಾಳೆ ಹರಿದು ಒಲೆಗೆ ಹಾಕಿ, ಮೊದಲನೆಯದನ್ನು ಮಾತ್ರ ಅಣ್ಣನ ಮೇಜಿನ ಮೇಲಿಡಿ. ಅವರು ತಮ್ಮದನ್ನು ಕೆತ್ತಿದ ಮೇಲೆ ನಿಮ್ಮದನ್ನು ಕೆತ್ತಿ. ನಿಮಗೆ ಅಲ್ಲಿ ಈವತ್ತು ಆಯುಧಪೂಜೆ, ಮನೆಯಲ್ಲಿ ಕುಂಕುಮಕ್ಕೆ ಬರವಿಲ್ಲ. ಅವರ ಕಣ್ಣಿಗೆ ಬೀಳದ ಹಾಗೆ ದಪ್ಪಗೆ ಬಳಿದು, ಒರೆಸಬಾರದು ಅಂತ ಒಂದು ಶಾಸ್ತ್ರ ಹೇಳಿಬಿಡಿ. ನಂಬುತ್ತಾರೆ. ಐದು ತಲೆಮಾರು ನಂಬಿದ್ದೇವೆ. ಹಾರ ಹಾಕಿದ ಫೋಟೋದ ಬಾಯಲ್ಲಿ ಇಂಥ ಮಾತು ಬಂದೀತು ಅಂತ ನಮಗ್ಯಾರಿಗೂ ಹೊಳೆಯಲೇ ಇಲ್ಲ, ನೋಡಿ. ನಮ್ಮಮ್ಮನಿಗೆ ಪುಣ್ಯದ ಕಥೆಯೇ ಇರಲಿ, ನಾನು ಹೇಳುವುದಿಲ್ಲ.

ಇವತ್ತಿನ ಪಡಿ ಮುಗಿದಿದೆ, ಒತ್ತಿ ನೋಡಲಾರೆ. ನಾಳೆ ಹೊಸ ಪಡಿ ತಂದವಳೇ ಸಭೆಗೆ ಹೋಗಬೇಕು. ಅಮ್ಮ ಮುಂದಿನ ಸಾಲಿನಲ್ಲೇ ಕೂರುತ್ತಾಳಂತೆ. ಹೋಗಿಬರುತ್ತೇನೆ ಅಜ್ಜಿ, ಆಶೀರ್ವಾದ ಮಾಡಿ. ತುಂಬಿದ ಸಭೆಯ ಎದುರು ಬೀಗ ತೆಗೆಯುವಾಗ ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿಕೊಂಡಿರುತ್ತೇನೆ.

ನಿಮ್ಮ,
ನೇಸರಿ