ಜೇಬಿನಲ್ಲಿದ್ದ ಸ್ಯಾಂಪಲ್

ಗುರುವಾರ, ೧೦ ಜುಲೈ

ರಿಯಾಕ್ಟರ್ ನಡೆಸುವ ಹುಲಿಗೆಪ್ಪನ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನಮ್ಮ ಕಾರ್ಖಾನೆಯ ಆ ರಿಯಾಕ್ಟರಿನಲ್ಲಿ ಎ ಎಂಬ ರಾಸಾಯನಿಕ ಕಾದು ಮೊದಲು ಬಿ ಆಗುತ್ತದೆ, ಹಾಗೇ ಬಿಟ್ಟರೆ ಬಿ ಕೆಟ್ಟು ಸಿ ಆಗುತ್ತದೆ. ಬೇಕಾದದ್ದು ಬಿ. ಎರಡೂ ಹಂತಗಳ ವೇಗ ಸ್ಥಿರಾಂಕಗಳನ್ನು ಸೂತ್ರಕ್ಕೆ ಹಾಕಿ, ನಲವತ್ತೆರಡನೇ ನಿಮಿಷಕ್ಕೆ ಬಿ ಅತಿ ಹೆಚ್ಚಿರುತ್ತದೆ, ಆಗಲೇ ತಣ್ಣಗೆ ಮಾಡಿ ಕ್ರಿಯೆ ನಿಲ್ಲಿಸು ಎಂದು ಅವನಿಗೆ ಬರೆದುಕೊಟ್ಟವಳು ನಾನೇ.

ಇವತ್ತು ನಾನು ತಂದ ಸ್ಯಾಂಪಲನ್ನು ಲ್ಯಾಬಿನಲ್ಲಿ ನೋಡಿದರೆ ಬರೀ ಸಿ. ತಡ ಮಾಡಿದ್ದಾನೆ ಎಂದು ಮ್ಯಾನೇಜರ್ ಅವನನ್ನು ನಿಂತ ಕಾಲಲ್ಲೇ ಕೆಲಸದಿಂದ ತೆಗೆದರು.

“ಅಕ್ಕಾರ, ನೀವು ಬರದುಕೊಟ್ಟ ಟೈಮಿಗೇ ಥಂಡ ಮಾಡೀನ್ರಿ. ನೀವರೆ ಹೇಳ್ರಿ,” ಎಂದ.

ಸಂಜೆ ಕೋಟು ಬಿಚ್ಚುವಾಗ ನೆನಪಾಯಿತು. ಆ ಬಿಸಿ ಸ್ಯಾಂಪಲನ್ನು ಮಂಜುಗಡ್ಡೆಯಲ್ಲಿ ಇಡದೆ ಜೇಬಿಗೆ ಹಾಕಿಕೊಂಡು, ಲ್ಯಾಬಿನ ನೀತಾಳ ಜೊತೆ ಚಹಾ ಕುಡಿಯುತ್ತ ಕೂತಿದ್ದೆ. ಓಡಿಹೋಗಿ ರಿಯಾಕ್ಟರಿನಿಂದ ಇನ್ನೊಂದು ಸ್ಯಾಂಪಲ್ ತೆಗೆದು ನೋಡಿದೆ. ಎಷ್ಟು ಬೇಕೋ ಅಷ್ಟೂ ಬಿ. ಕೆಟ್ಟದ್ದು ನನ್ನ ಜೇಬಿನಲ್ಲಿ.

ಅಷ್ಟರಲ್ಲಿ ಅವನು ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಊರಿನ ಬಸ್ಸು ಹತ್ತಿದ್ದ. ಫೋನ್ ಮಾಡಿದೆ.

“ಊಟ ಆತೇನ್ರಿ ಅಕ್ಕಾರ?” ಎಂದ.

ಆಯಿತು ಎಂದು ಹೇಳಿ ಇಟ್ಟುಬಿಟ್ಟೆ.