ಅಪ್ಪನ ಸಿಳ್ಳೆ

ಜವನಗೊಂಡನಹಳ್ಳಿ
೧೨-೨-೧೯೭೯

ಎತ್ತಪ್ಪಣ್ಣನಿಗೆ ತಂಗಿ ಓಬವ್ವನ ನಮಸ್ಕಾರ.

ಅಪ್ಪನ ತಿಥಿ ಮುಗಿಸಿ ನೀನು ಬೊಂಬಾಯಿಗೆ ಹೊರಟ ಮೇಲೆ ಕುರಿಗಳು ನಮ್ಮ ಮಾತು ಕೇಳುತ್ತಿಲ್ಲ. ಸಂಜೆ ನಾನು ಅಪ್ಪನ ಹಾಗೆ ಎಷ್ಟು ಸಿಳ್ಳೆ ಹಾಕಿದರೂ ರೊಪ್ಪದ ಬೇಲಿಯೊಳಗೆ ಬರದೆ, ಕತ್ತೆತ್ತಿ ಗುಡ್ಡದ ಕಡೆ ನೋಡುತ್ತಾ ನಿಲ್ಲುತ್ತವೆ. ಹೆಣ್ಣುಮಕ್ಕಳು ಸಿಳ್ಳೆ ಹಾಕಬಾರದು ಎಂದು ಅವ್ವ ಈಗ ಬೈಯುವುದಿಲ್ಲ. ಮೊನ್ನೆ ತೋಳ ಒಂದು ಮರಿಯನ್ನು ಎತ್ತಿಕೊಂಡು ಹೋಯಿತು.

ದೀಪಾವಳಿಗೆ ಬಂದಾಗ, ನಿಮ್ಮ ಕಾರ್ಖಾನೆಯಲ್ಲಿ ಮಾಡುವ, ಟಿ.ವಿ.ಗೆ ಜೋಡಿಸಿ ಆಡುವ ಆಟದ ಡಬ್ಬಿಗೆ ಸದ್ದು ಬೇಕೆಂದು ಅಪ್ಪನನ್ನು ಕೂರಿಸಿಕೊಂಡಿದ್ದೆಯಲ್ಲ. ಅಪ್ಪ ಸಿಳ್ಳೆ ಹಾಕುತ್ತಿದ್ದ, ನೀನು ಡಬ್ಬಿಯ ತಿರುಪು ತಿರುಗಿಸುತ್ತಾ ಒಂದೊಂದೇ ಸ್ವರ ಹೊಂದಿಸುತ್ತಿದ್ದೆ. ಕರೆಂಟು ಬೇಗ ಬೇಗ ಮಿಡಿದರೆ ಸದ್ದು ಏರುತ್ತದೆ, ನಿಧಾನವಾದರೆ ಇಳಿಯುತ್ತದೆ, ಎರಡು ಸ್ವರ ಒಟ್ಟಿಗೆ ಬರುವುದಿಲ್ಲ ಎಂದಿದ್ದೆ. ಕೊನೆಗೆ ಡಬ್ಬಿ ಕೂಗಿದಾಗ ಮಲಗಿದ್ದ ಕುರಿಗಳೆಲ್ಲ ಎದ್ದು ನಿಂತವು. ಅಪ್ಪ ನಕ್ಕು, "ಸಿಳ್ಳೆ ನಂದೇ ಐತೆ ಕಣ್ಲಾ, ಉಸ್ರು ಇಲ್ಲ ಅಷ್ಟೆ" ಎಂದಿದ್ದ.

ಆ ಡಬ್ಬಿಯನ್ನು ಕಳಿಸಿಕೊಡು. ಟಿ.ವಿ. ಬೇಡ, ಸದ್ದು ಬರುವ ಭಾಗ ಸಾಕು. ಬ್ಯಾಟರಿಯನ್ನು ನಾನೇ ಹಿರಿಯೂರಿನಿಂದ ತರುತ್ತೇನೆ. ಕುರಿಗಳೆಲ್ಲ ಒಳಗೆ ಬರುವವರೆಗೆ ಅವ್ವ ರೊಪ್ಪದ ಬಾಗಿಲು ಬಿಟ್ಟು ಏಳುವುದಿಲ್ಲ, ಊಟಕ್ಕೂ ಏಳುವುದಿಲ್ಲ. ನಿನಗೆ ಕಾಗದ ಬರೆಯುತ್ತೇನೆ ಎಂದಾಗ ಒಂದೇ ಮಾತು ಹೇಳಿದಳು: "ಉಸ್ರು ಇಲ್ದಿದ್ರೂ ಅಡ್ಡಿ ಇಲ್ಲ, ಕಳ್ಸು ಅನ್ನು."

ನಿನ್ನ ತಂಗಿ,
ಓಬವ್ವ