ಉಪ್ಪಳದಿಂದ ಹದಿನೈದು ಸಲ

ಜುಲೈ ೧೬, ಬುಧವಾರ

ಸಂಜೆ ಗೆಳತಿ ರಿಫಾನಾ ಬೋವಿಕಾನದಿಂದ ಫೋನ್ ಮಾಡಿದ್ದಳು. ಅವಳ ಅಡುಗೆ ಬ್ಲಾಗಿಗೆ ಮಂಗಳೂರಿನ ಪಾತ್ರೆ ಅಂಗಡಿಯವರ ಜಾಹೀರಾತು ಸಿಕ್ಕಿತಂತೆ. ನನ್ನ ಬ್ಲಾಗ್ ಅವಳದ್ದಕ್ಕಿಂತ ಎರಡು ವರ್ಷ ಹಳೆಯದು. ಇಷ್ಟರವರೆಗೆ ಒಬ್ಬ ಅಂಗಡಿಯವನೂ ನನಗೆ ಮೆಸೇಜ್ ಹಾಕಿಲ್ಲ.

ಅವಳಿಗೆ ಎಲ್ಲ ಕಲಿಸಿದ್ದು ನಾನು. ಜನ ಗೂಗಲಿನಲ್ಲಿ ಎಂತ ಹುಡುಕುತ್ತಾರೆಂದು ತೋರಿಸುವ ಸೈಟು, ಫೋಟೋ ಚಂದ ಮಾಡುವ ಸೈಟು, ಬರೆದಿಟ್ಟದ್ದು ಹೇಳಿದ ಹೊತ್ತಿಗೆ ತಾನಾಗಿ ಪ್ರಕಟವಾಗುವ ಹಾಗೆ ಮಾಡುವುದು, ಎಲ್ಲ. ಅವಳ ಪತ್ತಿರಿ ಎಂಬ ಅಕ್ಕಿರೊಟ್ಟಿಯ ಫೋಟೋದಲ್ಲಿ ಈಗಲೂ ಬೆಳಕು ಸರಿ ಇಲ್ಲ. ಆದರೂ ಜನ ಓದುತ್ತಾರೆ.

ಯಾವ ಊರಿನಿಂದ ಎಷ್ಟು ಜನ ಬಂದರೆಂದು ತೋರಿಸುವ ಪುಟವನ್ನೂ ನಾನೇ ಜೋಡಿಸಿ ಕೊಟ್ಟಿದ್ದೆ. ಇವತ್ತು ಅದನ್ನೇ ನೋಡಿ ಹೇಳಿದಳು, "ಉಪ್ಪಳದಿಂದ ಒಬ್ಬರು ದಿನಾ ಹದಿನೈದು ಸಲ ಬರ್ತಾರೆ ಮಾರಾಯ್ತಿ. ನಿನ್ನ ಊರಿನವರೇ. ಯಾರಿರಬಹುದು?"

"ನಂಗೆಂತ ಗೊತ್ತು? ಕೆಲಸ ಇಲ್ಲದವರು ಯಾರೋ," ಎಂದೆ.

"ಹಾಗೆ ಹೇಳ್ಬೇಡ. ನನ್ನ ಬ್ಲಾಗನ್ನು ಅಷ್ಟು ಪ್ರೀತಿಯಲ್ಲಿ ಓದುವವರು ಬೇರೆ ಯಾರೂ ಇಲ್ಲ. ನಾಳೆ ಬೆಳಿಗ್ಗೆ ಆರಕ್ಕೆ ಅವರಿಗೇಂತಲೇ ಒಂದು ಪೋಸ್ಟ್ ಉಂಟು."

ನನ್ನ ಮುಖ ಬಿಸಿಯಾಯಿತು. ನಾನು ಹೋಗಿದ್ದು ಅವಳಿಗೆ ಎಷ್ಟು ಕಮೆಂಟ್ ಬಂತೆಂದು ಎಣಿಸಲಿಕ್ಕೆ. ಹದಿನೈದು ಸಲವೂ ಅಷ್ಟಕ್ಕೇ. ಇನ್ನು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ಐದೂ ಮುಕ್ಕಾಲಿಗೆ ಅಲಾರಂ ಇಟ್ಟಿದ್ದೇನೆ.